ನಾಕಾದಕ್ಕನ ವ್ಯಾಪಾರ

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ. ಹೋದ ವಾರ ಗದಗಿನ ಸಂತೆಯಲ್ಲಿ ಸಿಕ್ಕ ಪರಿಚಯದವರೊಬ್ಬರು, “ನಾಕಾದಕ್ಕ ಹೋಗಿಬಿಟ್ಟಳಂತ್ರಿ” ಎಂದಾಗ ಸಂತೆ ಮಾಡುವುದನ್ನು ಬಿಟ್ಟು ಮನೆಗೆ ಹೊರಟೆ, ಖರೆ. ಆದರೆ ಮನೆ ಮುಟ್ಟುವುದರೊಳಗೆ ಹಳೆಯದೆಲ್ಲ ಒಂದೊಂದಾಗಿ ನೆನಪಾಯಿತು. ಆಕೆಯೇನಾದರೂ ನಮ್ಮ ಕಟ್ಟೆಯ ಮೇಲೆ ಕೂತಿದ್ದರೆ ಮತ್ತೊಮ್ಮೆ ಜಗಳ ತೆಗೆಯುತ್ತಿದ್ದೆ. ನಾಲ್ಕು ಮಂದಿಗೆ ಹಂಚಿದರೂ ಮಿಗುವಷ್ಟು ಬುದ್ಧಿ ಇದ್ದ ಹೆಂಗಸು. ಅಷ್ಟೆಲ್ಲ ಇದ್ದೂ ಒಂದು ಚಹಾದಂಗಡಿಯನ್ನು ತನ್ನದೆನ್ನಿಸಿಕೊಳ್ಳಲು ಆಗಲಿಲ್ಲ ಎಂದರೆ ಸಿಟ್ಟು ಬರದೆ ಇನ್ನೇನು ಬಂದೀತು?

ಆಕೆಯ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆದವರನ್ನು ನಾನೂ ಕಂಡಿಲ್ಲ. ಗದಗು ಬೆಟಗೇರಿಯಿಂದ ಲಕ್ಷ್ಮೇಶ್ವರದವರೆಗೆ ಬಂಡಿಯವರು, ಬಸ್ಸಿನವರು, ನೇಕಾರರು, ದಲಾಲರು ಎಲ್ಲರಿಗೂ ಆಕೆ ನಾಕಾದಕ್ಕ.

ಮೊದಲು ನಾಕಾದ ಮಾತು ಹೇಳಬೇಕು. ಸ್ವಾತಂತ್ರ್ಯ ಬರುವುದಕ್ಕೆ ಸ್ವಲ್ಪ ಮುಂಚಿನ ದಿನಗಳು. ಗದಗು ಇಂಗ್ರೇಜಿ ಸರಕಾರದ್ದು, ಲಕ್ಷ್ಮೇಶ್ವರ ಒಂದು ಸಂಸ್ಥಾನದ್ದು, ಶಿರಹಟ್ಟಿ ಇನ್ನೊಂದು ಸಂಸ್ಥಾನದ್ದು. ಬಂಡಿ ಕಟ್ಟಿಕೊಂಡು ಬೀಗರ ಮನೆಗೆ ಹೊರಟರೂ ದಾರಿಯಲ್ಲಿ ಸರಕಾರ ಬದಲಾಗುತ್ತಿತ್ತು. ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗುವ ರಸ್ತೆಯಲ್ಲಿ, ಸಂಸ್ಥಾನದ ಸರಹದ್ದಿನ ಮೇಲೆ ಒಂದು ಜಕಾತಿ ನಾಕಾ. ರಸ್ತೆಗೆ ಅಡ್ಡಲಾಗಿ ಒಂದು ಸಾಗವಾನಿ ತೊಲೆ, ಪಕ್ಕದಲ್ಲಿ ಹಂಚಿನ ಕೋಣೆ, ಕೋಣೆಯೊಳಗೆ ಹೊಸದಾಗಿ ಕಾರಕೂನನಾಗಿ ಸೇರಿದ ನಾನು. ಗುಡಿಯ ಪೂಜೆ, ಶಾಲೆಯ ಮಾಸ್ತರಿಕೆ, ಕಚೇರಿಯ ಕಾರಕೂನಿಕೆ ಬಿಟ್ಟು ಬೇರೇನೂ ಅರಿಯದ ಮನೆತನ ನಮ್ಮದು. ಬಂದ ಬಂಡಿಗಳ ಮೂಟೆ ಬಿಚ್ಚಿಸಿ ನೋಡಬೇಕು, ಸುಂಕ ತೆಗೆದುಕೊಳ್ಳಬೇಕು, ತೊಲೆ ಎತ್ತಿಸಬೇಕು. ಅಷ್ಟರಲ್ಲಿ ಹಿಂದೆ ಬಂಡಿಗಳ ಸಾಲು ಬೆಳೆದಿರುತ್ತಿತ್ತು.

ಹಾಗೆ ಕಾಯುವುದನ್ನು ಊರೆಲ್ಲ ಶಪಿಸುತ್ತಿದ್ದರೆ ಆಕೆಯೊಬ್ಬಳು ಅದನ್ನು ನೋಡಿ ಒಲೆ ಹೂಡಿದಳು. ಬಿಂಕದಕಟ್ಟಿ ಕಡೆಯ ಒಕ್ಕಲುತನದ ಮನೆಯಾಕೆ. ಅಣ್ಣತಮ್ಮಂದಿರು ಬೇರೆಯಾದಾಗ ಗಂಡನ ಪಾಲಿಗೆ ಹೊಲ ಬರಲಿಲ್ಲ, ಎಮ್ಮೆಗಳು ಬಂದವು. ಗಂಡ ಮಾತೇ ಆಡದ ಮನುಷ್ಯ. ಅವನು ಎಮ್ಮೆ ಕಾಯುತ್ತಿದ್ದ, ಆಕೆ ಅವನನ್ನು ಕಾಯುತ್ತಿದ್ದಳು. ಮೊದಮೊದಲು ಪುಟಾಣಿ, ಚುರಮುರಿ ಮಾರಿದಳು. ಆಮೇಲೆ ಚಹಾ. ಆಗ ಹಳ್ಳಿಯ ಮಂದಿಗೆ ಚಹಾ ಎಂದರೆ ಇನ್ನೂ ಅಂಜಿಕೆ, ಪಿತ್ತ ಏರುತ್ತದೆ ಎನ್ನುತ್ತಿದ್ದರು. ಆಕೆ ಶುಂಠಿ, ಬೆಲ್ಲ ಹಾಕಿ ಕುದಿಸಿ, “ಇದು ಚಹಾ ಅಲ್ಲೋ ಯಪ್ಪಾ, ಕಷಾಯ. ಕುಡದ್ರ ನೆಗಡಿ ಹೋಗತೈತಿ” ಎಂದು ಕುಡಿಸಿದಳು. ಒಂದು ಸುಗ್ಗಿ ಕಳೆಯುವುದರೊಳಗೆ ಬಂಡಿಯವರು ತಾವಾಗಿಯೇ ಚಹಾ ಕೇಳತೊಡಗಿದರು.

ಬೇವಿನ ಗಿಡದ ಕೆಳಗೆ ಗೂಟ ಬಡಿದು, ಎತ್ತುಗಳನ್ನು ನೆರಳಿಗೆ ಕಟ್ಟಿರೆಂದು ಕರೆದಳು. ಅದಕ್ಕೆ ಏನೂ ಕೇಳಲಿಲ್ಲ. ಎಂಥ ದಯಾವಂತೆ ಎಂದುಕೊಂಡಿದ್ದೆ. ಸಂಜೆ ನೋಡಿದರೆ ಅಲ್ಲಿ ಬಿದ್ದ ಸಗಣಿಯನ್ನೆಲ್ಲ ಬಳಿದು ನಮ್ಮ ನಾಕಾದ ಗೋಡೆಗೇ ಕುಳ್ಳು ತಟ್ಟುತ್ತಿದ್ದಳು. ಅವಳ ಒಲೆಗೆ ಸೌದೆಯ ಖರ್ಚು ಅಂತ ಇರಲೇ ಇಲ್ಲ. ಎತ್ತು ಕಟ್ಟಿದವನು ಬಂಡಿಗೆ ಕೀಲೆಣ್ಣೆ ಬೇಕೆಂದರೆ ಅದೂ ಆಕೆಯ ಹತ್ತಿರವೇ ಸಿಗುತ್ತಿತ್ತು. ಬೆಟಗೇರಿಯ ನೇಕಾರರು ಮಗ್ಗದಿಂದ ಕತ್ತರಿಸಿ ಎಸೆಯುವ ನೂಲಿನ ತುದಿಗಳನ್ನು ತಂದು, ಹೊಸೆದು, ಮೂಟೆ ಕಟ್ಟುವ ಹುರಿ ಮಾಡಿ ಮಾರಿದಳು. ನಾನು ಬಿಚ್ಚಿಸಿದ ಮೂಟೆಯನ್ನು ಮತ್ತೆ ಕಟ್ಟಿಕೊಳ್ಳಲು ಹುರಿ ಬೇಕಲ್ಲ!

“ಕಾರಕೂನ್ರ, ನೀವು ಸಾವಕಾಶ ಬರೀರಿ. ಗಡಬಡಿ ಮಾಡಿದ್ರ ಲೆಕ್ಕ ತಪ್ಪತೈತಿ” ಎಂದು ನನಗೇ ಬುದ್ಧಿ ಹೇಳುತ್ತಿದ್ದಳು. ನಾನು ಸಾವಕಾಶ ಬರೆದಷ್ಟೂ ಹೊರಗೆ ಚಹಾ ಹೆಚ್ಚು ಹೋಗುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲು ಬಹಳ ದಿನ ಹಿಡಿಯಿತು. ಹೊಳೆದ ಮೇಲೂ ಸಿಟ್ಟು ಬರಲಿಲ್ಲ, ಬೆರಗಾಯಿತು. ಏನೂ ಇಲ್ಲದ ಜಾಗದಲ್ಲಿ ಒಂದು ಅಂಗಡಿ ಹುಟ್ಟುವುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು.

ಸ್ವಾತಂತ್ರ್ಯ ಬಂತು. ಮರುವರ್ಷ ಸಂಸ್ಥಾನಗಳೆಲ್ಲ ಮುಂಬೈ ಪ್ರಾಂತಕ್ಕೆ ಸೇರಿದವು. ಹದ್ದೇ ಇಲ್ಲವೆಂದ ಮೇಲೆ ನಾಕಾ ಯಾತಕ್ಕೆ? ನನ್ನನ್ನು ಶಿರಹಟ್ಟಿಯ ಕಚೇರಿಗೆ ಹಾಕಿದರು. ಹೊರಡುವ ಮುಂಚೆ ಅಡ್ಡತೊಲೆ, ಕುರ್ಚಿ, ಕಂದೀಲು ಎಲ್ಲ ಲೀಲಾವು, ಅಂದರೆ ಹರಾಜು, ಹಾಕಬೇಕಿತ್ತು. ಎಲ್ಲರೂ ಸಿಹಿ ಹಂಚುತ್ತಿದ್ದರೆ ನನಗೆ ಆಕೆಯದೇ ಚಿಂತೆ.

“ಯಕ್ಕಾ, ನಾಕಾ ಹೋತು. ಇನ್ನ ಇಲ್ಲೆ ಯಾರು ನಿಲ್ತಾರ? ನಿನ್ನ ಗತಿ ಏನು?” ಎಂದೆ.

“ನನ್ನ ಗತಿ ಇರ್ಲಿ. ಆ ತೊಲಿ ಛಲೋ ಐತಿ, ನನಗ ಬಿಡಸ್ರಿ” ಎಂದಳು.

ಲೀಲಾವಿನಲ್ಲಿ ತೊಲೆಯನ್ನು ಹಿಡಿದಳು. ಇಷ್ಟು ದಿನ ಮಂದಿಯನ್ನು ತಡೆದು ನಿಲ್ಲಿಸಿದ ತೊಲೆ ಆಕೆಯ ಚಪ್ಪರದ ನಡುತೊಲೆಯಾಯಿತು. ಆದರೆ ಮಂದಿ ನಿಲ್ಲಬೇಕಲ್ಲ? ಬಂಡಿಗಳು ಕಡಿಮೆಯಾಗಿ ಬಸ್ಸು ಶುರುವಾಗಿದ್ದವು. ಬಸ್ಸು ಧೂಳೆಬ್ಬಿಸಿಕೊಂಡು ಆಕೆಯ ಒಲೆಯ ಮುಂದೆಯೇ ಹಾದು ಹೋಗುತ್ತಿತ್ತು. ಅಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಶಿರಹಟ್ಟಿಗೆ ಹೋದೆ.

ಮರುಬೇಸಿಗೆಯಲ್ಲಿ ಗದಗಿಗೆ ಹೊರಟಿದ್ದೆ. ನಮ್ಮ ಬಸ್ಸು ಹಳೆಯ ನಾಕಾದ ಹತ್ತಿರ ಬಂದದ್ದೇ ತಾನಾಗಿ ನಿಂತಿತು. ಇಳಿದು ನೋಡಿದರೆ ರಸ್ತೆಯ ಬದಿಗೆ ಸುಣ್ಣ ಬಳಿದ ಹರವಿಗಳ ಸಾಲು, ಒಂದೊಂದರ ತುಂಬ ನೀರು. ಆಗಿನ ಬಸ್ಸುಗಳ ಹಣೆಬರಹವೇ ಅಷ್ಟು, ಹತ್ತು ಮೈಲು ಓಡಿದರೆ ಇಂಜಿನ್ನು ಕಾದು ಬುಸುಗುಟ್ಟುತ್ತಿತ್ತು. ಒಂದು ದಿನ ಹೀಗೇ ಕೆಟ್ಟು ನಿಂತ ಬಸ್ಸಿಗೆ ನೀರು ಕೊಟ್ಟವಳು ಮರುದಿನವೇ ಹರವಿ ತಂದು ಸಾಲಾಗಿ ಇಟ್ಟಿದ್ದಳು. ಡ್ರೈವರು ನೀರು ಹಾಕುವಷ್ಟರಲ್ಲಿ ಮಂದಿ ಇಳಿಯುತ್ತಿದ್ದರು. ಇಳಿದವರ ಮೂಗಿಗೆ ಶುಂಠಿಯ ವಾಸನೆ ಬಡಿಯುತ್ತಿತ್ತು.

“ಮನಷ್ಯಾರು ತಾವ ನಿಲ್ಲಲಿಲ್ಲ, ಅದಕ್ಕ ಗಾಡಿಗೆ ಹೇಳಿ ನಿಲ್ಲಿಸಿದೆ” ಎಂದು ನಕ್ಕಳು. ನಾನು ಆ ದಿನ ಮನೆಗೆ ಹೋಗಿ ಹೆಂಡತಿಯ ಮುಂದೆ ಆಕೆಯನ್ನು ಎಷ್ಟು ಹೊಗಳಿದೆನೆಂದರೆ ಹೆಂಡತಿ ಮುಖ ತಿರುವಿ ಒಳಗೆ ಹೋದಳು.

ಇಲ್ಲಿಗೆ ನಿಂತಿದ್ದರೆ ನಾನು ಇಂದು ಹೊಗಳಿಕೆ ಬರೆದು ಮುಗಿಸುತ್ತಿದ್ದೆ. ಆದರೆ ಆ ಹಾಳು ಮಜ್ಜಿಗೆ ಇದೆಯಲ್ಲ!

ಎಮ್ಮೆಗಳ ಹಾಲನ್ನು ಚಹಾಕ್ಕೆ ಹಾಕುತ್ತಿದ್ದಳು. ಉಳಿದದ್ದನ್ನು ಹೆಪ್ಪು ಹಾಕಿ, ಕಡೆದು, ಬೆಣ್ಣೆಯನ್ನು ಗದಗಿಗೆ ಕಳಿಸುತ್ತಿದ್ದಳು. ಮಿಕ್ಕ ಮಜ್ಜಿಗೆಗೆ ನೀರು, ಉಪ್ಪು, ಜಜ್ಜಿದ ಶುಂಠಿ, ಕೊತ್ತಂಬರಿ ಹಾಕಿ ಒಂದು ದೊಡ್ಡ ಗಡಿಗೆಯಲ್ಲಿ ಇಟ್ಟು, ಬಂದವರಿಗೆಲ್ಲ ಪುಕ್ಕಟೆ ಕೊಡುತ್ತಿದ್ದಳು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ತಣ್ಣನೆಯ ಮಜ್ಜಿಗೆ ಪುಕ್ಕಟೆ ಸಿಗುವಾಗ ಕುದಿಯುವ ಚಹಾ ಯಾವನು ಕುಡಿದಾನು? ಬಸ್ಸಿನ ಅರ್ಧ ಮಂದಿ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, “ತಂಪಾತು ತಾಯೀ” ಎಂದು ಬಸ್ಸು ಹತ್ತುತ್ತಿದ್ದರು. ತನ್ನ ಅಂಗಡಿಯ ಮುಂದೆ ತಾನೇ ಅಡ್ಡತೊಲೆ ಹಾಕಿಕೊಂಡಂತೆ.

“ಯಕ್ಕಾ, ಮಜ್ಜಿಗಿಗೂ ಒಂದೀಟು ರೊಕ್ಕ ತಗೋ” ಎಂದೆ.

“ಹಾಲು ಮಾರತೀನಿ, ಬೆಣ್ಣಿ ಮಾರತೀನಿ, ಬೇಕಾದ್ರ ಸಗಣೀನೂ ಮಾರತೀನಿ. ಮಜ್ಜಿಗಿ ಮಾರಂಗಿಲ್ಲ. ಮಾರಿದ್ರ ಎಮ್ಮಿ ಕೆಚ್ಚಲ ಬತ್ತತೈತಿ.”

“ಹಂಗಾರ ಕೊಡೂದ ಬಿಡು.”

“ಬಿಟ್ಟು ಏನ ಮಾಡ್ಲಿ? ಬೆಣ್ಣಿ ತಗದ ಮ್ಯಾಲೆ ಮಜ್ಜಿಗಿ ಉಳೀತೈತಿ. ಮಂದಿ ಒಣಾ ಬಾಯಿ ಬಿಟಗೊಂಡು ನಿಂತಾಗ ನೆಲಕ್ಕ ಚೆಲ್ಲಲೇನು?”

ಮನೆಗೆ ಬಂದು ನನ್ನ ತಾಯಿಯ ಮುಂದೆ ಗೊಣಗಿದರೆ ಆಕೆಯೂ ಅದೇ ರಾಗ. “ಮಜ್ಜಿಗಿ ಮಾರಿದ ಮನಿ ಉದ್ಧಾರಾಗಿದ್ದು ಎಲ್ಲ್ಯರೆ ಕಂಡೀಯೇನು? ಅಕಿ ಖರೆ ಮಾಡ್ಯಾಳ” ಎಂದಳು. ನಮ್ಮ ಮನೆಯಲ್ಲೂ ಕಡೆದ ದಿನ ಓಣಿಯ ಮಂದಿ ಚೊಂಬು ಹಿಡಿದು ಬರುತ್ತಿದ್ದರು, ಒಬ್ಬರಿಂದಲೂ ಯಾರೂ ಏನೂ ತೆಗೆದುಕೊಂಡಿರಲಿಲ್ಲ. ನಾನು ಯಾವ ಮುಖದಿಂದ ವಾದ ಮಾಡಲಿ?

ಇಷ್ಟರಲ್ಲಿ ರಸ್ತೆಯ ಆಚೆ ಬದಿಗೆ ಗದಗಿನವನೊಬ್ಬ ಬಂದು ಹೋಟೆಲು ಇಟ್ಟ. ಕೆಟ್ಟವನಲ್ಲ, ಚುರುಕು ಮನುಷ್ಯ. ಬಾಣಲೆ ತುಂಬ ಮೆಣಸಿನಕಾಯಿ ಭಜಿ ಕರಿಯುತ್ತಿದ್ದ. ಖಾರ ಎಂದರೆ ಕಿವಿಯಲ್ಲಿ ಹೊಗೆ ಬರುವ ಖಾರ. ಮಂದಿ ಅವನ ಹತ್ತಿರ ಭಜಿ ತಿಂದು, ರೊಕ್ಕ ಕೊಟ್ಟು, ಹಾ ಹೂ ಎನ್ನುತ್ತ ರಸ್ತೆ ದಾಟಿ ಓಡಿಬಂದು ಈಕೆಯ ಮಜ್ಜಿಗೆ ಕುಡಿಯುತ್ತಿದ್ದರು. ಒಮ್ಮೆ ಇದನ್ನು ನೋಡಿ ನನ್ನ ಹೊಟ್ಟೆಯೇ ಉರಿಯಿತು.

“ಅವ ಉರಿ ಹಚ್ಚತಾನ, ನೀ ಆರಸ್ತಿ. ರೊಕ್ಕ ಮಾತ್ರ ಅವಗ. ಇದ್ಯಾವ ಸೀಮಿ ವ್ಯಾಪಾರ ಯಕ್ಕಾ?” ಎಂದು ಕೂಗಾಡಿದೆ.

“ಒದರಬ್ಯಾಡ್ರಿ, ನೀವೂ ಒಂದು ಗ್ಲಾಸ ಕುಡೀರಿ. ಪಿತ್ತ ಏರೇತಿ ನಿಮಗ” ಎಂದು ನನ್ನ ಕೈಗೇ ಗ್ಲಾಸು ಕೊಟ್ಟಳು.

ಹೀಗಿದ್ದರೂ ನಡೆಸಿದಳು. ಚಳಿಗಾಲ, ಮಳೆಗಾಲದಲ್ಲಿ ಚಹಾ ಚೆನ್ನಾಗಿ ಹೋಗುತ್ತಿತ್ತು. ಬೆಣ್ಣೆ ಇತ್ತು, ಹುರಿ ಇತ್ತು. ಆಕೆಗೆ ಇದ್ದದ್ದು ಒಂದೇ ಆಸೆ. ನಾಲ್ಕು ಬೆಂಚು ಹಾಕಿ, ತಗಡು ಹೊದಿಸಿ, ಗದಗಿನ ಹೋಟೆಲುಗಳಿಗೆ ಇರುವಂಥ ಬಣ್ಣದ ಬೋರ್ಡು ಹಚ್ಚಬೇಕು. ಬೋರ್ಡಿನ ಮೇಲೆ ಎಮ್ಮೆಯ ಚಿತ್ರ ಇರಲಿ ಎನ್ನುತ್ತಿದ್ದಳು. “ಮಂದಿ ನನಗ ವ್ಯಾಪಾರಸ್ತಾಕಿ ಅನ್ನಬೇಕ್ರಿ. ಅಡವ್ಯಾಗ ಒಲಿ ಹೂಡ್ಯಾಳ ಅಂತಾರ, ಅದು ನನಗ ಸೇರೂದಿಲ್ಲ” ಎಂದು ಒಮ್ಮೆ ಹೇಳಿದ್ದಳು. ಅಂಥ ಮಾತು ಹೇಳುವಾಗ ಮಾತ್ರ ಆಕೆಯ ನಗು ನಿಲ್ಲುತ್ತಿತ್ತು.

ರಾಜ್ಯ ಒಂದಾಯಿತು. ಮುಂಬೈ ಹೋಗಿ ಮೈಸೂರು ಬಂತು. ಅದರ ಹಿಂದೆಯೇ ಹೊಸ ಕಾಯಿದೆ ಬಂತು: ಬಸ್ಸು ನಿಲ್ಲುವ ಜಾಗಗಳನ್ನು ಗೊತ್ತುಮಾಡಬೇಕು, ಒಂದು ನಿಲುಗಡೆಗೆ ಒಂದೇ ಚಹಾದಂಗಡಿ, ಪರವಾನಗಿ ಸಿಕ್ಕವರು ಉಳಿಯಬೇಕು, ಉಳಿದವರು ಒಲೆ ಎತ್ತಬೇಕು. ಹಳೆಯ ನಾಕಾದ ನಿಲುಗಡೆಗೆ ಇಬ್ಬರೂ ಅರ್ಜಿ ಹಾಕಿದರು, ಈಕೆ ಮತ್ತು ಭಜಿಯವನು. ನ್ಯಾಯವಾಗಿ ನೋಡಿದರೆ ನಿಲುಗಡೆಯನ್ನು ಹುಟ್ಟಿಸಿದವಳೇ ಈಕೆ. ಪರವಾನಗಿ ಕೈಗೆ ಬಂದ ಹಾಗೆಯೇ ಎಂದುಕೊಂಡಿದ್ದೆ.

ಜಾಗ ನೋಡಲು ಮೈಸೂರು ಕಡೆಯ ಒಬ್ಬ ಅಧಿಕಾರಿ ಬರುವವರಿದ್ದರು. ಅವರ ಸಂಗಡ ಹೋಗುವ ಕೆಲಸ ನನ್ನದು. ಹಿಂದಿನ ದಿನವೇ ಹೋಗಿ ಆಕೆಗೆ ಪಾಠ ಮಾಡಿದೆ.

“ನಾಳೆ ಮಜ್ಜಿಗಿ ಗಡಿಗಿ ಒಳಗಿಡು. ಒಲಿ ಹಚ್ಚು. ಸಾಹೇಬ್ರು ಬಂದ ಕೂಡಲೆ ಚಹಾ ಕೊಡು, ರೊಕ್ಕ ತಗೋ. ಅವರು ಒಲ್ಲೆ ಅಂದ್ರೂ ಬಿಡಬ್ಯಾಡ. ವ್ಯಾಪಾರ ಅಂದ್ರ ವ್ಯಾಪಾರ ಕಾಣಬೇಕು.”

“ಆತು ಬಿಡ್ರಿ. ನಾ ಏನು ಸಣ್ಣಾಕೇನು?” ಎಂದಳು.

ಮರುದಿನ ಸುಡುಸುಡು ಬಿಸಿಲು. ಜೀಪಿನಿಂದ ಇಳಿದ ಅಧಿಕಾರಿಗಳ ಮುಖ ಕೆಂಪಗೆ ಕಾದಿತ್ತು. ಒಳ್ಳೆಯ ಮನುಷ್ಯ, ವಯಸ್ಸಾದವರು. ಚಪ್ಪರದ ನೆರಳಿಗೆ ಬಂದು ಹಣೆ ಒರೆಸಿಕೊಂಡು, “ತಾಯಿ, ತಂಪಾಗಿ ಕುಡಿಯೋಕೆ ಏನಾದ್ರೂ ಇದೆಯಾ?” ಎಂದರು.

ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಆಕೆ ನನ್ನನ್ನು ನೋಡಿದಳು. ನಾನು ಕಣ್ಣಿನಲ್ಲೇ ಬೇಡ ಬೇಡ ಎಂದೆ. ಆಕೆ ಸಾಹೇಬರ ಒಣಗಿದ ತುಟಿ ನೋಡಿದಳು, ಸರ್ರನೆ ಒಳಗೆ ಹೋಗಿ ಗಡಿಗೆ ಎತ್ತಿಕೊಂಡೇ ಬಂದಳು.

ಸಾಹೇಬರು ಎರಡು ಗ್ಲಾಸು ಕುಡಿದು ಕಿಸೆಗೆ ಕೈ ಹಾಕಿದರು. “ಎಷ್ಟಾಯ್ತಮ್ಮಾ?”

“ಮಜ್ಜಿಗಿಗೆ ಯಾರರ ರೊಕ್ಕ ತಗೋತಾರೇನ್ರಿ?”

“ದಿನಾ ಎಲ್ಲರಿಗೂ ಹೀಗೇ ಕೊಡ್ತೀರಾ?”

“ಬಂದವರಿಗೆಲ್ಲಾ ಕೊಡತೀನ್ರಿ.”

“ಬಸ್ಸಿಗೆ ನೀರಿಡೋರೂ ನೀವೇನಾ? ಅದಕ್ಕೆ?”

“ನೀರಿಗೆಂಥಾ ರೊಕ್ಕರೀ ಯಪ್ಪಾ!”

ಸಾಹೇಬರ ಕಣ್ಣು ತೇವವಾಯಿತು. ನಾನು ನಡುವೆ ಬಾಯಿ ಹಾಕಿ, “ಸಾಹೇಬ್ರ, ಇಕಿ ಚಹಾದಂಗಡಿ ನಡಸ್ತಾಳ್ರಿ, ನಾಕಾ ಇದ್ದ ಕಾಲದಿಂದ” ಎಂದೆ. “ಇರಲಿ, ಇರಲಿ. ನಾನು ಎಲ್ಲಾ ನೋಡ್ದೆ” ಎಂದು ಕೈ ಮುಗಿದು ಜೀಪು ಹತ್ತಿದರು. ಆಕೆ ಖುಷಿಯಿಂದ ನನ್ನ ಕಡೆ ತಿರುಗಿ, “ನೋಡ್ರಿ, ಎಷ್ಟು ಸಮಾಧಾನ ಆತು ಅವರಿಗೆ!” ಎಂದಳು. ನನಗೆ ಹಣೆ ಚಚ್ಚಿಕೊಳ್ಳಬೇಕೆನ್ನಿಸಿತು.

ಹುಕುಮು ಬಹಳ ದಿನ ಬರಲೇ ಇಲ್ಲ. ಅದರ ಖಬರ ಗದಗಿನಲ್ಲೇ ಇತ್ತೇ ಹೊರತು ನಮ್ಮ ಕಚೇರಿಗೆ ಮುಟ್ಟಿರಲಿಲ್ಲ. ರಾಜ್ಯ ಒಂದಾದ ಮರುವರ್ಷ ನವೆಂಬರಿನಲ್ಲಿ ಹಳೆಯ ನಾಕಾದ ಹತ್ತಿರ ಒಂದು ಸಣ್ಣ ಸಮಾರಂಭ ಇಟ್ಟರು. ಹೊಸದಾಗಿ ತಗಡಿನ ಒಂದು ನೆರಳು ಎದ್ದಿತ್ತು, ಮುಂದೆ ಬಟ್ಟೆ ಮುಚ್ಚಿದ ಒಂದು ಬೋರ್ಡು. ತಗಡು ಕಂಡು ಆಕೆಗೆ ಪರವಾನಗಿ ಬಂತೆಂದೇ ಅನ್ನಿಸಿತ್ತು. ಇಲಕಲ್ಲ ಸೀರೆ ಉಟ್ಟು, ಗಂಡನಿಗೆ ಪಟಗ ಸುತ್ತಿಸಿ ಕರೆತಂದಿದ್ದಳು. ಸಾಹೇಬರು ಆಕೆಯನ್ನು ವೇದಿಕೆಗೆ ಕರೆದರು, ಶಾಲು ಹೊದಿಸಿದರು, ಹಾರ ಹಾಕಿದರು. ಬೋರ್ಡಿನ ಬಟ್ಟೆ ಸರಿಸಿದರು. ‘ಅರವಟಿಗೆ’ ಎಂದು ಬರೆದಿತ್ತು.

ಆಮೇಲೆ ಹುಕುಮು ಓದಿದರು. ಈ ಪುಣ್ಯವಂತೆ ದಾರಿಹೋಕರಿಗೆ ನೀರು ಮಜ್ಜಿಗೆ ದಾನ ಮಾಡುತ್ತಿರುವುದರಿಂದ ಈ ಜಾಗವನ್ನು ಧರ್ಮದ ಅರವಟಿಗೆ ಎಂದು ಗೊತ್ತುಮಾಡಲಾಗಿದೆ. ಆದ್ದರಿಂದ ಇಲ್ಲಿ ಯಾವ ವ್ಯಾಪಾರವೂ ಕೂಡದು. ಚಹಾದಂಗಡಿಯ ಪರವಾನಗಿ ಎದುರು ಬದಿಯ ಹೋಟೆಲಿಗೆ.

ಚಪ್ಪಾಳೆಯೋ ಚಪ್ಪಾಳೆ. ಆಕೆ ಹಾರದೊಳಗಿಂದ ಸಾಹೇಬರ ಮುಖವನ್ನೇ ನೋಡುತ್ತಿದ್ದಳು. ಚಪ್ಪಾಳೆ ನಿಂತಾಗ ಎಲ್ಲರಿಗೂ ಕೇಳುವಂತೆ, “ಹಂಗಾರ ನಾ ಏನ ಉಣ್ಣಲ್ರೀ ಸಾಹೇಬ್ರ?” ಎಂದಳು.

ಮಂದಿ ಹೋ ಎಂದು ನಕ್ಕರು. ಅಕ್ಕ ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡರು. ಸಾಹೇಬರೂ ನಕ್ಕರು. ನಗದೆ ಇದ್ದವರು ನಾನು, ಆಕೆಯ ಗಂಡ, ಮತ್ತೆ ಭಜಿಯವನು. ಅವನು ತಲೆ ಕೆಳಗೆ ಹಾಕಿದ್ದ.

ನಾನು ಗದಗಿಗೆ ಹೋಗಿ ಸಾಹೇಬರನ್ನು ಕಂಡೆ. ಆಕೆ ದಾನಿ ಅಲ್ಲ, ಪಕ್ಕಾ ವ್ಯಾಪಾರಸ್ಥೆ, ಎತ್ತಿನ ಸಗಣಿಯನ್ನೂ ಬಿಡದವಳು ಎಂದು ವಿವರಿಸಿದೆ. ಅವರ ಮುಖ ಗಂಟಿಕ್ಕಿತು. “ಅಂಥಾ ಪುಣ್ಯಾತ್ಗಿತ್ತಿ ಮೇಲೆ ಹೀಗೆ ಮಾತಾಡೋಕೆ ನಿಮಗೆ ನಾಚಿಕೆ ಆಗಬೇಕು” ಎಂದು ಬೈದು ಕಳಿಸಿದರು. ಹೊಗಳುವವರ ಕೈಯಿಂದ ಯಾರನ್ನಾದರೂ ಬಿಡಿಸುವುದು ಎಷ್ಟು ಕಷ್ಟ ಎಂದು ಆ ದಿನ ಗೊತ್ತಾಯಿತು. ತಿರುಗಿ ಬರುವಾಗ ಹಳೆಯ ನಾಕಾದಲ್ಲಿ ಇಳಿದೆ. ಒಲೆ ಇರಲಿಲ್ಲ. ಹರವಿಗಳಿರಲಿಲ್ಲ. ನಡುತೊಲೆ ಕಿತ್ತ ಚಪ್ಪರ ಕುಸಿದು ಬಿದ್ದಿತ್ತು. ಅರವಟಿಗೆಯ ನೆರಳಿನಲ್ಲಿ ಆಡುಗಳು ಮಲಗಿದ್ದವು, ಒಂದು ಹನಿ ನೀರಿಲ್ಲ.

ಮತ್ತೆ ಆಕೆಯನ್ನು ಕಂಡದ್ದು ಬಹಳ ದಿನಗಳ ಮೇಲೆ, ಗದಗಿನಿಂದ ಮುಂಡರಗಿಗೆ ಹೋಗುವ ರಸ್ತೆಯಲ್ಲಿ. ಬಸ್ಸು ನಿಂತಿತು, ಡ್ರೈವರು ನೀರಿಗೆ ಇಳಿದ. ಕಿಟಕಿಯಿಂದ ನೋಡಿದರೆ ಸುಣ್ಣದ ಹರವಿಗಳು, ಹೊಸ ಚಪ್ಪರ, ಒಲೆಯ ಮುಂದೆ ಆಕೆ. ಕೂದಲು ನೆರೆತಿತ್ತು. ಹಾರಿ ಇಳಿದೆ.

“ಬರ್ರಿ ಕಾರಕೂನ್ರ, ಕುಂಡ್ರಿ. ಇಲ್ಲೀ ಪರವಾನಗಿಗೂ ಅರ್ಜಿ ಹಾಕೀನಿ” ಎಂದು ಕರೆದವಳು, ಮಾತಾಡುತ್ತಲೇ ಒಂದು ಗ್ಲಾಸು ಮಜ್ಜಿಗೆ ಕೈಗಿಟ್ಟಳು. ಸುತ್ತಲೂ ಮಂದಿ ಮಜ್ಜಿಗೆ ಕುಡಿಯುತ್ತಿದ್ದರು, ಪುಕ್ಕಟೆ. ನನಗೆ ರೇಗಿಹೋಯಿತು.

“ಇನ್ನೂ ಬುದ್ಧಿ ಬರಲಿಲ್ಲೇನ ನಿನಗ? ಇದರಿಂದನ ಎಲ್ಲಾ ಕಳಕೊಂಡಿ...”

ನನ್ನ ಮಾತು ಮುಗಿಯಲಿಲ್ಲ. ರಸ್ತೆಯ ತಿರುವಿನಲ್ಲಿ ಧೂಳೆದ್ದಿತು, ಸರಕಾರದ ಜೀಪು. ಆಕೆ ಒಂದು ಸನ್ನೆ ಮಾಡಿದಳು. ಕುಡಿಯುತ್ತಿದ್ದವರೆಲ್ಲ ಗ್ಲಾಸನ್ನು ಬೆನ್ನ ಹಿಂದೆ ಸರಿಸಿಕೊಂಡರು. ಆ ರಸ್ತೆಯ ಮಂದಿಗೆಲ್ಲ ಅದು ರೂಢಿಯಾಗಿತ್ತೆಂದು ಕಾಣುತ್ತದೆ. ಗಂಡ ಓಡಿಬಂದು ಗಡಿಗೆಯ ಮೇಲೆ ಬುಟ್ಟಿ ಬೋರಲು ಹಾಕಿದ, ಬುಟ್ಟಿಯ ಮೇಲೆ ಒಂದು ಕೌದಿ ಹರಡಿದ. ಆಕೆ ನನ್ನ ಕೈಯ ಗ್ಲಾಸನ್ನು ಕಿತ್ತುಕೊಂಡು ಸೆರಗಿನೊಳಗೆ ಮುಚ್ಚಿಕೊಂಡಳು.

ಜೀಪು ನಿಂತಿತು. ಎಳೆಯ ವಯಸ್ಸಿನ ಅಧಿಕಾರಿ ಇಳಿದು, ಬೆವರು ಒರೆಸಿಕೊಳ್ಳುತ್ತ, “ಅಮ್ಮಾ, ಒಂದೀಟು ಮಜ್ಜಿಗಿ ಸಿಗ್ತೈತೇನು?” ಎಂದ. ಆತನ ತುಟಿಯೂ ಒಣಗಿತ್ತು.

ಆಕೆಯ ಸೆರಗಿನ ಅಂಚಿನಿಂದ ಮಜ್ಜಿಗೆ ತೊಟ್ಟಿಕ್ಕುತ್ತಿತ್ತು. ಆಕೆ ಆತನ ಮುಖ ನೋಡಲಿಲ್ಲ. ಒಲೆಯ ಕಡೆ ತಿರುಗಿ, “ಇಲ್ರೀ ಸಾಹೇಬ್ರ” ಎಂದಳು. “ಇಲ್ಲೆ ಬರೇ ವ್ಯಾಪಾರ.”